ಕಳ್ಳ ಸಿಗದಿದ್ದರೂ ಪರಿಹಾರ ಸಿಗಬೇಕು

ನಮ್ಮ ಬೀದಿ ತುದಿಯ ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ಇದ್ದಾರೆ. ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಹೋಗಬೇಕಾದರೆ ನಾವೆಲ್ಲ ಅವರಿಗೇ ಫೋನ್ ಮಾಡುವುದು. ಎರಡು ವರ್ಷದ ಹಿಂದೆ ಒಂದು ರಾತ್ರಿ ಅವರು ನಾಯಂಡಹಳ್ಳಿ ಹತ್ತಿರ ಗಾಡಿ ನಿಲ್ಲಿಸಿ ಬಾಡಿಗೆ ದುಡ್ಡು ಎಣಿಸುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಲಾಂಗು ತೋರಿಸಿದರು. ಫೋನು, ದುಡ್ಡು ಎರಡೂ ಹೋಯಿತು. ಕೈ ಅಡ್ಡ ಹಿಡಿದದ್ದಕ್ಕೆ ಬಲಗೈ ಮೇಲೆ ಏಟು ಬಿತ್ತು. ಎರಡು ಬೆರಳಿನ ನರ ಕಟ್ ಆಯಿತು.

ಆಟೋದ ಆಕ್ಸಿಲರೇಟರ್ ಇರುವುದು ಬಲಗೈ ಹಿಡಿಯಲ್ಲಿ. ಹಿಡಿ ತಿರುಗಿಸಿದರೆ ಗಾಡಿ ಓಡುತ್ತದೆ. ಆ ಹಿಡಿಯನ್ನು ಬಿಗಿಯಾಗಿ ಹಿಡಿಯಲಾಗದ ಕೈಗೆ ಆಟೋ ಓಡಿಸುವ ಕೆಲಸವೇ ಇಲ್ಲ. ಅವರದು ಸ್ವಂತ ಗಾಡಿಯೂ ಅಲ್ಲ, ದಿನ ಬಾಡಿಗೆಯದು. ಮಾಲೀಕರು ಒಂದು ವಾರ ಕಾದರು. ಆಮೇಲೆ ಬೇರೆಯವರಿಗೆ ಕೊಟ್ಟರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್‌ಗೆ ಮುಂಚೆ ದುಡ್ಡು ಕಟ್ಟಿ ಅಂದರು. ಹೆಂಡತಿಯ ಸರ ಅಡ ಇಟ್ಟರು. ಸಾಲದ್ದಕ್ಕೆ ಕೈಸಾಲ ಮಾಡಿದರು.

ಕೆಲವು ತಿಂಗಳ ನಂತರ ಅವರ ಮನೆಗೆ ಹೋಗಿದ್ದೆ. ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟರು. ಎಫ್‌ಐಆರ್ ಪ್ರತಿ, ಡಿಸ್‌ಚಾರ್ಜ್ ಸಮರಿ, ಮೆಡಿಕಲ್ ಸ್ಟೋರ್ ಬಿಲ್ಲುಗಳು, ಎಕ್ಸ್‌ರೇ ಎಲ್ಲ ಅದರಲ್ಲಿದ್ದವು. "ಕೇಸ್ ಏನಾಯ್ತು ಅಣ್ಣ?" ಅಂತ ಕೇಳಿದೆ.

"ಸಿ ರಿಪೋರ್ಟ್ ಹಾಕಿದ್ರಂತೆ ಅಕ್ಕ. ಕಳ್ರೇ ಸಿಗ್ಲಿಲ್ಲ ಅಂದ್ಮೇಲೆ ಇನ್ನೇನಿದೆ? ಮುಗೀತು."

ಪೊಲೀಸ್ ಭಾಷೆಯಲ್ಲಿ ಬಿ ರಿಪೋರ್ಟ್ ಅಂದರೆ ದೂರಿನಲ್ಲಿ ಹುರುಳಿಲ್ಲ ಅಂತ. ಸಿ ರಿಪೋರ್ಟ್ ಅಂದರೆ ಅಪರಾಧ ನಡೆದಿದೆ, ಆದರೆ ಮಾಡಿದವರು ಪತ್ತೆಯಾಗಿಲ್ಲ ಅಂತ. ಅಂದರೆ ಅವರಿಗೆ ಏಟು ಬಿದ್ದದ್ದು ನಿಜ ಅಂತ ಸರ್ಕಾರದ ಕಾಗದವೇ ಹೇಳುತ್ತಿತ್ತು. ಅವರು ಮಾತ್ರ ಅದನ್ನು ಎಲ್ಲ ಮುಗಿದ ಕಾಗದ ಅಂದುಕೊಂಡಿದ್ದರು. ನಿಜಕ್ಕೂ ಕಾನೂನಿನ ಒಂದು ಬಾಗಿಲು ತೆರೆಯುವುದೇ ಅಲ್ಲಿಂದ. ಇದು ಅವರಿಗೆ ಗೊತ್ತಿರಲಿಲ್ಲ. ಠಾಣೆಯಲ್ಲಿ ಯಾರೂ ಹೇಳಿರಲಿಲ್ಲ, ಆಸ್ಪತ್ರೆಯಲ್ಲೂ ಹೇಳಿರಲಿಲ್ಲ. ನನಗೂ ಅಲ್ಲಿಯವರೆಗೆ ಅರ್ಧಂಬರ್ಧ ಗೊತ್ತಿತ್ತು ಅಷ್ಟೇ. ಅವರ ಜೊತೆ ಓಡಾಡಿದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ

ಮೊದಲು ಒಂದು ಗೊಂದಲ ಬಿಡಿಸೋಣ. ಪರಿಹಾರ ಅಂದ ಕೂಡಲೇ ನಾವು ಅಪರಾಧಿ ಕೊಡುವ ದುಡ್ಡು ಅಂದುಕೊಳ್ಳುತ್ತೇವೆ. ಅದೂ ಒಂದಿದೆ. ಆರೋಪ ಸಾಬೀತಾಗಿ ಕೋರ್ಟು ದಂಡ ಹಾಕಿದರೆ, ಆ ದಂಡದಲ್ಲಿ ಒಂದು ಪಾಲನ್ನು ನೊಂದವರಿಗೆ ಕೊಡಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 357ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 395ನೇ ಕಲಂ. ಆದರೆ ಇದಕ್ಕೆ ಕಳ್ಳ ಸಿಗಬೇಕು, ಕೇಸು ನಡೆಯಬೇಕು, ಶಿಕ್ಷೆ ಆಗಬೇಕು, ದಂಡ ಕಟ್ಟುವ ಶಕ್ತಿ ಅವನಿಗೆ ಇರಬೇಕು. ಇಷ್ಟೆಲ್ಲ ಆದ ಮೇಲೂ ಅವನು ಮೇಲ್ಮನವಿ ಹಾಕಿದರೆ, ಅದು ತೀರ್ಮಾನವಾಗುವ ತನಕ ದಂಡದ ಪಾಲು ಕೈಗೆ ಬರುವುದಿಲ್ಲ.

ಎರಡನೆಯದು ಬೇರೆಯೇ. ಇಲ್ಲಿ ದುಡ್ಡು ಕೊಡುವುದು ಸರ್ಕಾರ. 2008ರ ತಿದ್ದುಪಡಿಯಲ್ಲಿ 357ಎ ಎಂಬ ಕಲಂ ಸೇರಿತು. 2009ರ ಡಿಸೆಂಬರ್ 31ರಿಂದ ಅದು ಜಾರಿಗೆ ಬಂತು. ಪ್ರತಿ ರಾಜ್ಯವೂ ನೊಂದವರಿಗಾಗಿ ಒಂದು ಪರಿಹಾರ ಯೋಜನೆ ಮಾಡಬೇಕು, ಅದಕ್ಕೆ ಹಣ ಇಡಬೇಕು ಅಂತ ಅದು ಹೇಳಿತು. ಕರ್ನಾಟಕದ ಯೋಜನೆ 2011ರದ್ದು. ಹೊಸ ಸಂಹಿತೆಯಲ್ಲಿ ಇದೇ ವಿಷಯ 396ನೇ ಕಲಮಿನಲ್ಲಿದೆ. ಎಷ್ಟು ಕೊಡಬೇಕು ಅಂತ ನಿರ್ಧರಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ಉಚಿತ ಕಾನೂನು ನೆರವು ಕೊಡುವ ಸರ್ಕಾರಿ ಸಂಸ್ಥೆ.

ಈ 396ನೇ ಕಲಮನ್ನು ನಿಧಾನವಾಗಿ ಓದಬೇಕು. ವಿಚಾರಣೆ ಮುಗಿದಾಗ ದಂಡದ ಪಾಲು ಸಾಲದು ಅನ್ನಿಸಿದರೆ, ಸರ್ಕಾರದ ಯೋಜನೆಯಿಂದ ಪರಿಹಾರ ಕೊಡಿ ಅಂತ ಕೋರ್ಟು ಶಿಫಾರಸು ಮಾಡಬಹುದು. ಆರೋಪಿ ಖುಲಾಸೆಯಾದರೂ, ನೊಂದವರು ಮತ್ತೆ ಬದುಕು ಕಟ್ಟಿಕೊಳ್ಳಬೇಕಿದೆ ಅನ್ನಿಸಿದರೆ ಶಿಫಾರಸು ಮಾಡಬಹುದು. ಖುಲಾಸೆ ಅಂದರೆ ಈ ಮನುಷ್ಯ ಮಾಡಿದ್ದಾನೆ ಅಂತ ಸಾಬೀತಾಗಲಿಲ್ಲ ಅಂತ ಅರ್ಥ. ಏಟೇ ಬಿದ್ದಿಲ್ಲ ಅಂತಲ್ಲ, ಅಲ್ವಾ? ಮೂರನೆಯದು ನಮ್ಮ ಆಟೋ ಅಣ್ಣನಂಥವರಿಗೆ. ಮಾಡಿದವರು ಪತ್ತೆಯಾಗಿಲ್ಲ, ವಿಚಾರಣೆಯೇ ನಡೆಯುತ್ತಿಲ್ಲ. ಆದರೆ ನೊಂದವರು ಯಾರು ಅಂತ ಗೊತ್ತಿದೆ. ಆಗ ಅವರೇ, ಅಥವಾ ಅವರು ತೀರಿಕೊಂಡಿದ್ದರೆ ಅವರನ್ನು ನಂಬಿಕೊಂಡವರು, ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು ಅಂತ ಕಾನೂನೇ ಹೇಳುತ್ತದೆ.

ಕಳ್ಳ ಮಾಡಿದ್ದಕ್ಕೆ ಸರ್ಕಾರ ಯಾಕೆ ಕೊಡಬೇಕು? ಈ ಪ್ರಶ್ನೆ ನನಗೆ ಅನೇಕರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅಪರಾಧ ನಡೆದ ಮೇಲೆ ಕೇಸಿನ ಹೆಸರು ಏನಾಗುತ್ತದೆ ನೋಡಿ. ಕರ್ನಾಟಕ ರಾಜ್ಯ ವಿರುದ್ಧ ಇಂಥವರು. ನೊಂದವರ ಹೆಸರು ಅಲ್ಲಿಲ್ಲ. ಚಾರ್ಜ್‌ಶೀಟಿನಲ್ಲಿ ಅವರು ಸಿಡಬ್ಲ್ಯೂ 1, ಅಂದರೆ ಒಂದನೇ ಸಾಕ್ಷಿ. ನೀನು ಕೈ ಎತ್ತಬೇಡ, ಸೇಡು ತೀರಿಸಿಕೊಳ್ಳಬೇಡ, ಇದು ನನ್ನ ವ್ಯಾಜ್ಯ ಅಂತ ಸರ್ಕಾರ ಹೇಳುತ್ತದೆ. ಜನ ಅದನ್ನು ಒಪ್ಪಿಕೊಂಡು ಕೈ ಕಟ್ಟಿ ಕೂತಿದ್ದಾರೆ. ವ್ಯಾಜ್ಯ ನನ್ನದು ಅಂದವರು ಗಾಯವನ್ನು ಮಾತ್ರ ನಿನ್ನದು ಅನ್ನುವುದು ಸರಿಯಲ್ಲ. ಹಾಗಾಗಿ ಈ ದುಡ್ಡನ್ನು ದಾನ ಅಂತ ನೋಡುವುದನ್ನು ನಾನು ಒಪ್ಪುವುದಿಲ್ಲ. ಇದು ಹಕ್ಕು.

ಈ ಯೋಚನೆ ಹೊಸದೇನಲ್ಲ. ನ್ಯೂಜಿಲೆಂಡ್ 1963ರಲ್ಲೇ ಅಪರಾಧದಿಂದ ಗಾಯಗೊಂಡವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾಯ್ದೆ ಮಾಡಿತು. ಮರುವರ್ಷ ಬ್ರಿಟನ್ ಯೋಜನೆ ತಂದಿತು. 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಪರಾಧ ಸಂತ್ರಸ್ತರ ಬಗ್ಗೆ ಒಂದು ಘೋಷಣೆಯನ್ನೇ ಒಪ್ಪಿತು. ನಮ್ಮಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡಿದವರಲ್ಲಿ ಒಬ್ಬರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಗಂಭೀರ ಅಪರಾಧಗಳಲ್ಲಿ ಪರಿಹಾರ ಕೊಡುವುದು ಸರ್ಕಾರದ ಹೊಣೆ. ಅಪರಾಧಿ ಸಿಕ್ಕರೂ ಸಿಗದಿದ್ದರೂ, ಶಿಕ್ಷೆಯಾದರೂ ಖುಲಾಸೆಯಾದರೂ ಈ ಹೊಣೆ ತಪ್ಪುವುದಿಲ್ಲ ಅಂತ ಅದು ಹೇಳಿತು. ಆ ವರದಿಯ ಬೇರೆ ಕೆಲವು ಶಿಫಾರಸುಗಳ ಬಗ್ಗೆ ಜಗಳಗಳಾದವು. ಅವು ಈಗ ಬೇಡ. ಈ ಒಂದು ಮಾತು ಮಾತ್ರ ಐದು ವರ್ಷದ ನಂತರ ಕಾನೂನಿನೊಳಗೆ ಬಂತು.

ಹಣ ಬರುವ ಹೊತ್ತು

ನಮ್ಮ ಆಟೋ ಅಣ್ಣನಿಗೆ ಪರಿಹಾರ ಬಂತು. ಏಟು ಬಿದ್ದ ದಿನದಿಂದ ಲೆಕ್ಕ ಹಾಕಿದರೆ ಹದಿನಾರು ತಿಂಗಳಿಗೆ. ಅಷ್ಟರಲ್ಲಿ ಅಡ ಇಟ್ಟ ಸರ ಹರಾಜಾಗಿ ಹೋಗಿತ್ತು. ಫಿಸಿಯೋಥೆರಪಿಗೆ ದಿನಕ್ಕೆ ಇಷ್ಟು ಅಂತ ಕೊಡಲಾಗದೆ ಮೂರನೇ ವಾರಕ್ಕೇ ಬಿಟ್ಟಿದ್ದರು. ಒಂದು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದೇ ಹಣದಲ್ಲಿ ಕಾಲು ಭಾಗ ಮೊದಲ ತಿಂಗಳಲ್ಲಿ ಬಂದಿದ್ದರೂ ಸಾಕಿತ್ತು. ಸರವೂ ಉಳಿಯುತ್ತಿತ್ತು, ಬೆರಳೂ ಉಳಿಯುತ್ತಿತ್ತೇನೋ. ಪರಿಹಾರದ ಸುಧಾರಣೆ ಅಂದಾಗ ಎಲ್ಲರೂ ಮೊತ್ತ ಜಾಸ್ತಿ ಮಾಡಿ ಅನ್ನುತ್ತಾರೆ. ಮೊತ್ತ ಮುಖ್ಯವೇ. ಆದರೆ ನಾನು ಕಣ್ಣಾರೆ ಕಂಡ ಹಾಗೆ, ಹಣ ಯಾವಾಗ ಬರುತ್ತದೆ ಮತ್ತು ಯಾರು ಕೇಳಬೇಕು ಅನ್ನುವ ಎರಡು ವಿಷಯ ಅದಕ್ಕಿಂತ ದೊಡ್ಡವು.

ಬೇಗ ಕೊಡುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ. ತಕ್ಷಣದ ಪ್ರಥಮ ಚಿಕಿತ್ಸೆ, ಉಚಿತ ವೈದ್ಯಕೀಯ ನೆರವು, ಬೇರೆ ಯಾವುದೇ ಮಧ್ಯಂತರ ಪರಿಹಾರವನ್ನು ಪ್ರಾಧಿಕಾರ ಕೊಡಿಸಬಹುದು ಅಂತ 396ನೇ ಕಲಮಿನಲ್ಲೇ ಇದೆ. ಚಿಕಿತ್ಸೆಯ ನೆರವಿಗೆ ಠಾಣೆಯ ಮುಖ್ಯಾಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಒಂದು ಪ್ರಮಾಣಪತ್ರ ಸಾಕು. ಸುಪ್ರೀಂ ಕೋರ್ಟು ಕೂಡ 2014ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿತು. ತೀರ್ಪಿನ ತನಕ ಕಾಯಬೇಡಿ, ಪ್ರಕರಣ ಮುಂದೆ ಬಂದಾಗಲೇ ಮಧ್ಯಂತರ ಪರಿಹಾರ ಬೇಕೇ ಅಂತ ನೋಡಿ ಅಂತ ಕೋರ್ಟುಗಳಿಗೆ ತಿಳಿಸಿತು. 2024ರ ನವೆಂಬರ್ 4ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಮತ್ತೆ ಎಚ್ಚರಿಸಿತು. ಮಕ್ಕಳ ಮತ್ತು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಲ್ಲಿ ಸೆಷನ್ಸ್ ಕೋರ್ಟುಗಳು ಪರಿಹಾರದ ಆದೇಶ ಮಾಡಲೇಬೇಕು, ಅದು ಬೇಗ ಜಾರಿಯಾಗಬೇಕು ಅಂದಿತು. ಹತ್ತು ವರ್ಷದ ನಂತರ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು ಅನ್ನುವುದು ನನಗೆ ಬೇಸರದ ಸಂಗತಿ.

ಹಾಗಾದರೆ ಸಿಕ್ಕು ಎಲ್ಲಿದೆ? ನೊಂದವರೇ ಕೇಳಬೇಕು ಅನ್ನುವುದರಲ್ಲಿದೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡವರು, ಮಗಳ ಹಾಸಿಗೆ ಪಕ್ಕ ಕೂತ ತಾಯಿ, ಗಂಡನ ಹೆಣಕ್ಕಾಗಿ ಶವಾಗಾರದ ಮುಂದೆ ಕಾಯುತ್ತಿರುವವರು ಇವರೇ ಹೋಗಿ ಕಾನೂನು ಹುಡುಕಿ, ಕಚೇರಿ ಹುಡುಕಿ, ಅರ್ಜಿ ಬರೆಯಬೇಕು. ಇದನ್ನು ತಿರುಗಿಸಿ ಹಾಕಬೇಕು.

ತಿರುಗಿಸಲು ಆಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಮಾದರಿ ಇದೆ. ರಸ್ತೆ ಅಪಘಾತವನ್ನೇ ತೆಗೆದುಕೊಳ್ಳಿ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ಪರಿಹಾರದ ಅರ್ಜಿ ಅಂತ ಮಂಡಳಿ ತೆಗೆದುಕೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅಂದರೆ ಕಾಗದವೇ ನೊಂದವರ ಪರವಾಗಿ ನಡೆದು ಹೋಗುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಪ್ರತ್ಯೇಕ ಯೋಜನೆಯೂ ಅದೇ ದಿನದಿಂದ ಇದೆ. ಮೊದಲು ಅದು 25,000 ಮತ್ತು 12,500 ಇತ್ತು.

ಈಗ ಹೋಲಿಸಿ ನೋಡಿ. ನಾಯಂಡಹಳ್ಳಿಯಲ್ಲಿ ಅವರಿಗೆ ಲಾರಿ ಗುದ್ದಿದ್ದರೆ ವರದಿ ತಾನಾಗಿ ಮಂಡಳಿಗೆ ಹೋಗಬೇಕಿತ್ತು. ಲಾಂಗು ಬೀಸಿದ್ದಕ್ಕೆ ಹಾಗೆ ಹೋಗುವ ವರದಿಯೇ ಇಲ್ಲ. ತೀವ್ರ ಗಾಯ, ಕೊಲೆ, ಅತ್ಯಾಚಾರ, ಆಸಿಡ್ ದಾಳಿ ಇಂಥ ಎಫ್‌ಐಆರ್ ದಾಖಲಾದ ಎರಡು ದಿನದೊಳಗೆ ಅದರ ಒಂದು ಪ್ರತಿ ಜಿಲ್ಲಾ ಪ್ರಾಧಿಕಾರಕ್ಕೆ ಹೋಗುವಂತಾಗಬೇಕು. ಅದನ್ನೇ ಅರ್ಜಿ ಅಂತ ಪರಿಗಣಿಸಬೇಕು. ಎಫ್‌ಐಆರ್ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ಇನ್ನೊಂದು ವಿಳಾಸಕ್ಕೆ ಕಳಿಸುವುದು ದೊಡ್ಡ ಕೆಲಸವಲ್ಲ. ನನ್ನ ಮಟ್ಟಿಗೆ ಇಡೀ ಸುಧಾರಣೆಯಲ್ಲಿ ಅತಿ ಮುಖ್ಯವಾದದ್ದು, ಅತಿ ಅಗ್ಗವಾದದ್ದು ಎರಡೂ ಇದೇ.

ಕಂತಿನಲ್ಲಿ ಕೊಡುವುದಕ್ಕೂ ಮಾದರಿ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳಲ್ಲಿ 2016ರ ತಿದ್ದುಪಡಿಯ ನಂತರ ಪರಿಹಾರ 85,000ದಿಂದ 8.25 ಲಕ್ಷ ರೂಪಾಯಿವರೆಗೆ ಇದೆ. ಹಲವು ಅಪರಾಧಗಳಿಗೆ ಎಫ್‌ಐಆರ್ ಆದಾಗ ಶೇ. 25, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಶೇ. 50, ಶಿಕ್ಷೆಯಾದಾಗ ಉಳಿದ ಶೇ. 25. ಕೊಲೆಯಾದರೆ ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ಚಾರ್ಜ್‌ಶೀಟಿನ ನಂತರ ಇನ್ನರ್ಧ. ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಬರೆದಿಟ್ಟಿರುವುದರಿಂದ ಅಧಿಕಾರಿಗೆ ಯೋಚಿಸುತ್ತಾ ಕೂರುವ ಅವಕಾಶವಿಲ್ಲ. ಜಾರಿಯಲ್ಲಿ ಇಲ್ಲೂ ತಡವಾಗುತ್ತದೆ, ನಿಜ. ಆದರೆ ತಡವಾಗಿದೆ ಅಂತ ಬೆರಳಿಟ್ಟು ತೋರಿಸಲು ಒಂದು ನಿಯಮವಾದರೂ ಇದೆ. ಆಸಿಡ್ ದಾಳಿಯಲ್ಲೂ ಹಾಗೆಯೇ. 2013ರಲ್ಲಿ ಸುಪ್ರೀಂ ಕೋರ್ಟು ಕನಿಷ್ಠ 3 ಲಕ್ಷ ಕೊಡಬೇಕು, ಅದರಲ್ಲಿ 1 ಲಕ್ಷ 15 ದಿನದೊಳಗೆ ಅಂತ ಗಡುವು ಹಾಕಿತು. ಸುಟ್ಟ ಚರ್ಮಕ್ಕೆ ಮೊದಲ ಎರಡು ವಾರದ ಆರೈಕೆ ಎಷ್ಟು ಮುಖ್ಯ ಅಂತ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ಕೈ ನರ ಕಟ್ಟಾದವರಿಗೂ, ತಲೆಗೆ ಏಟು ಬಿದ್ದವರಿಗೂ ಇಂಥದೇ ಗಡುವು ಯಾಕಿರಬಾರದು?

ಎರಡು ಪಟ್ಟಿ, ಎರಡು ಅಳತೆ

ಹೆಣ್ಣುಮಕ್ಕಳಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ಒಂದು ಪ್ರತ್ಯೇಕ ಯೋಜನೆ ಮಾಡಿತು. ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಜೀವ ಹೋದರೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ಅಂತ ಅದರಲ್ಲಿ ಪಟ್ಟಿಯಿದೆ. ನೊಂದವಳು ಚಿಕ್ಕ ಹುಡುಗಿಯಾದರೆ ಇದಕ್ಕಿಂತ ಅರ್ಧದಷ್ಟು ಜಾಸ್ತಿ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆಯ ಪ್ರಕರಣಗಳಿಗೂ ಕೇಂದ್ರ ನಿಯಮ ಮಾಡುವ ತನಕ ಇದೇ ದಾರಿ ತೋರಿಸಲಿ ಅಂತ ಕೋರ್ಟು ಹೇಳಿತು. ಆ ಯೋಜನೆಯನ್ನು ಎಚ್ಚರಿಕೆಯಿಂದ ಬರೆದಿದ್ದಾರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗಂಡಸಿಗೆ ಅದು ಅನ್ವಯಿಸುವುದಿಲ್ಲ. ಕೊಲೆಯಾದ ಗಂಡಸಿನ ಹೆಂಡತಿ ಮಕ್ಕಳು ರಾಜ್ಯದ ಯೋಜನೆಗೇ ಹೋಗಬೇಕು. ಅಲ್ಲಿನ ಪಟ್ಟಿ ಬೇರೆ. ಒಂದೇ ಬೀದಿಯಲ್ಲಿ, ಒಂದೇ ರಾತ್ರಿ, ಒಂದೇ ಥರದ ಗಾಯಕ್ಕೆ ಎರಡು ಅಳತೆ ಇರಬಾರದು. ಇರುವ ಒಳ್ಳೆಯದನ್ನು ಕೆಳಗಿಳಿಸದೆ, ರಾಜ್ಯದ ಪಟ್ಟಿಯನ್ನು ಅದರ ಮಟ್ಟಕ್ಕೆ ಏರಿಸಬೇಕು. ಬೆಲೆ ಏರಿದ ಹಾಗೆ ಅದೂ ಏರುವಂತೆ ನಿಯಮದಲ್ಲೇ ಬರೆಯಬೇಕು.

2018ರ ಯೋಜನೆಯಲ್ಲಿ ಇನ್ನೊಂದು ವಿಷಯವಿದೆ. ಬಂದ ಹಣದಲ್ಲಿ ಶೇ. 75ನ್ನು ಸಾಧ್ಯವಾದ ಮಟ್ಟಿಗೆ ಮೂರು ವರ್ಷ ಫಿಕ್ಸೆಡ್ ಡೆಪಾಸಿಟ್ ಇಡಬೇಕು. ಶೇ. 25 ಮಾತ್ರ ಕೈಗೆ. ಯಾಕೆ ಅಂತ ಅರ್ಥವಾಗುತ್ತದೆ. ದುಡ್ಡು ಬಂದ ದಿನವೇ ನೆಂಟರಿಷ್ಟರು ಬಾಗಿಲಿಗೆ ಬರುತ್ತಾರೆ, ಗಂಡನೇ ಕಿತ್ತುಕೊಳ್ಳುವುದೂ ಉಂಟು. ಆದರೆ ಸಾಲ ತೀರಿಸಬೇಕಾದವಳಿಗೆ, ಮನೆ ಬದಲಿಸಬೇಕಾದವಳಿಗೆ ಆ ಡೆಪಾಸಿಟ್ ರಸೀದಿ ಇಟ್ಟುಕೊಂಡು ಏನು ಮಾಡಲಿ ಅನ್ನಿಸುತ್ತದೆ. ಬೆಳೆದ ಹೆಣ್ಣುಮಗಳಿಗೆ ತನ್ನ ಹಣದ ಲೆಕ್ಕ ತನಗೆ ಗೊತ್ತಿರುತ್ತದೆ. ಎಷ್ಟು ಡೆಪಾಸಿಟ್, ಎಷ್ಟು ಕೈಗೆ ಅಂತ ಮೊದಲು ಅವಳನ್ನೇ ಕೇಳಿ ಆಮೇಲೆ ಆದೇಶ ಬರೆಯಬೇಕು.

ಹಣ ಎಲ್ಲಿಂದ ತರುವುದು? ಬಜೆಟ್ಟಿನಿಂದ ಬರಲೇಬೇಕು, ಬೇರೆ ಮಾತಿಲ್ಲ. ಅದರ ಜೊತೆಗೆ ಬೇರೆ ದಾರಿಗಳೂ ಇವೆ. ಅಮೆರಿಕದಲ್ಲಿ 1984ರ ಕಾಯ್ದೆಯಿಂದ ಹುಟ್ಟಿದ ನಿಧಿಗೆ ಮುಖ್ಯವಾಗಿ ಬರುವುದು ಅಪರಾಧಿಗಳು ಕಟ್ಟುವ ದಂಡ. ಫ್ರಾನ್ಸಿನಲ್ಲಿ ಮನೆ, ವಾಹನದಂಥ ಆಸ್ತಿ ವಿಮೆಯ ಪ್ರತಿ ಪಾಲಿಸಿಯ ಮೇಲೆ ಸಣ್ಣ ಮೊತ್ತ ಸೇರಿಸಿ ನೊಂದವರ ನಿಧಿಗೆ ಹಾಕುತ್ತಾರೆ. ನಮ್ಮ ಹೊಸ ಸಂಹಿತೆಯ 107ನೇ ಕಲಮಿನಲ್ಲೂ ಒಂದು ಒಳ್ಳೆಯ ಅಂಶವಿದೆ. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಿಸಿದರೆ, ಜಿಲ್ಲಾಧಿಕಾರಿ ಅದನ್ನು 60 ದಿನದೊಳಗೆ ನೊಂದವರಿಗೆ ಹಂಚಬೇಕು. ಚೀಟಿ ವಂಚನೆ, ಸೈಟು ವಂಚನೆಯಲ್ಲಿ ದುಡ್ಡು ಕಳೆದುಕೊಂಡ ಬೆಂಗಳೂರಿನವರಿಗೆ ಇದು ತುಂಬ ಬೇಕಾದ ಕಲಂ.

ದುಡ್ಡಿನಾಚೆ

ಆಟೋ ಅಣ್ಣನಿಗೆ ಇನ್ನೂ ಒಂದು ತೊಂದರೆ ಇತ್ತು. ಅದನ್ನು ಅವರಾಗಿ ಹೇಳಲಿಲ್ಲ, ಅವರ ಹೆಂಡತಿ ಹೇಳಿದರು. ಹಿಂದಿನಿಂದ ಬೈಕ್ ಶಬ್ದ ಬಂದರೆ ಸಾಕು, ಮೈ ಬೆವರುತ್ತಿತ್ತು. ಕತ್ತಲಾದ ಮೇಲೆ ಹಾಲು ತರಲೂ ಹೊರಗೆ ಹೋಗುತ್ತಿರಲಿಲ್ಲ. ಇದಕ್ಕೂ ಚಿಕಿತ್ಸೆ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಹಾನ್ಸ್ ಇರುವ ಊರಿನಲ್ಲಿ ಹೀಗಾಗಬಾರದು. ಗಾಯ ನೋಡುವ ಡಾಕ್ಟರೇ ಒಂದು ಚೀಟಿ ಬರೆದು ಮನೋವೈದ್ಯರ ಬಳಿ ಕಳಿಸುವ ಪದ್ಧತಿ ಬೇಕು.

ಹೆಣ್ಣುಮಕ್ಕಳಿಗೆ ಸಖಿ ಕೇಂದ್ರಗಳಿವೆ. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಸಮಾಲೋಚನೆ ಎಲ್ಲ ಒಂದೇ ಸೂರಿನಡಿ ಸಿಗಲಿ ಅಂತ 2015ರಲ್ಲಿ ಶುರುವಾದವು. ಪೋಕ್ಸೊ ಪ್ರಕರಣಗಳಲ್ಲಿ ಮಗುವಿನ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಲು ಒಬ್ಬ ಬೆಂಬಲ ವ್ಯಕ್ತಿ ಇರುತ್ತಾರೆ. ಈ ಬೆಂಬಲ ವ್ಯಕ್ತಿ ಅನ್ನುವ ಯೋಚನೆ ನನಗೆ ಬಹಳ ಇಷ್ಟ. ಮುಂದಿನ ಡೇಟ್ ಯಾವಾಗ, ಯಾವ ಹಾಲ್, ಏನು ಕೇಳುತ್ತಾರೆ ಅಂತ ಹೇಳಲು ಒಬ್ಬ ಮನುಷ್ಯ ಜೊತೆಗಿದ್ದರೆ ಅರ್ಧ ಭಯ ಹೋಗುತ್ತದೆ. ದೊಡ್ಡವರಿಗೂ, ಕನಿಷ್ಠ ಗಂಭೀರ ಪ್ರಕರಣಗಳಲ್ಲಿ, ಇದು ಬೇಕು. ಕೋರ್ಟಿನ ಕಾರಿಡಾರಿನಲ್ಲಿ ಹೊಡೆದವನ ಎದುರೇ ಬೆಂಚಿನ ಮೇಲೆ ಮೂರು ಗಂಟೆ ಕಾದು, ಕೊನೆಗೆ ಮುಂದಿನ ತಿಂಗಳು ಬನ್ನಿ ಅನ್ನಿಸಿಕೊಂಡು ಬಂದವರಿಗೆ ಅದು ಎಂಥ ಶಿಕ್ಷೆ ಅಂತ ಗೊತ್ತು. ಆ ದಿನದ ಕೂಲಿಯೂ ಹೋಗಿರುತ್ತದೆ.

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಆರೋಪಿ ಖುಲಾಸೆಯಾದರೆ ನೊಂದವರು ಮುಂಚಿತವಾಗಿ ಅನುಮತಿ ಕೇಳದೆಯೇ ಮೇಲ್ಮನವಿ ಹಾಕಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಕರ್ನಾಟಕದ್ದೇ ಪ್ರಕರಣ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನೊಂದವರಿಗೆ ಪೊಲೀಸರು ತಿಳಿಸಬೇಕು ಅಂತ ಹೊಸ ಸಂಹಿತೆಯಲ್ಲಿದೆ. ಸರ್ಕಾರ ಕೇಸು ವಾಪಸ್ ತೆಗೆದುಕೊಳ್ಳುವ ಮುಂಚೆ ಕೋರ್ಟು ನೊಂದವರ ಮಾತು ಕೇಳಬೇಕು. ಅತ್ಯಾಚಾರ, ಆಸಿಡ್ ದಾಳಿಗೆ ಸಿಕ್ಕವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಇವೆಲ್ಲ ಹಕ್ಕುಗಳೇ. ಆದರೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡುವಾಗ ಅದರ ಹಿಂದೆಯೇ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಇದನ್ನೆಲ್ಲ ತಿಳಿಸಿದರೆ ಎಷ್ಟು ಚೆನ್ನ! ಆ ಕವರಿನಲ್ಲಿ ಎಲ್ಲ ಕಾಗದವೂ ಇತ್ತು. ಆ ಒಂದು ಪುಟ ಮಾತ್ರ ಇರಲಿಲ್ಲ.

ಈಗಲೇ ಮಾಡಬಹುದಾದದ್ದು

ಕಾನೂನು ಬದಲಾಗುವ ತನಕ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಯಾರಿಗಾದರೂ ಹೀಗಾಗಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವೆಗಳ ಸಹಾಯವಾಣಿ. ಬೆಂಗಳೂರಿನಲ್ಲಿ ನಗರ ಜಿಲ್ಲೆಗೆ ಒಂದು, ಗ್ರಾಮಾಂತರ ಜಿಲ್ಲೆಗೆ ಒಂದು ಪ್ರಾಧಿಕಾರವಿದೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ. ಅರ್ಜಿ ಹಾಕಲು ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಬೇಕಾದರೆ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಆಸ್ಪತ್ರೆಗೆ ಹೋದ ತಕ್ಷಣ ಎಂಎಲ್‌ಸಿ ಮಾಡಿಸಿ, ಅಂದರೆ ಇದು ಪೊಲೀಸ್ ಕೇಸಿನ ಗಾಯ ಅಂತ ಡಾಕ್ಟರ ಹತ್ತಿರ ದಾಖಲು ಮಾಡಿಸಿ. ಆಮೇಲೆ ಗಾಯದ ಪ್ರಮಾಣಪತ್ರಕ್ಕೆ ಅಲೆಯುವುದು ತಪ್ಪುತ್ತದೆ. ನಮ್ಮ ಪ್ರಕರಣದಲ್ಲಿ ಆ ಒಂದು ಕಾಗದಕ್ಕೇ ಎರಡು ತಿಂಗಳು ಹಿಡಿಯಿತು. ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಿ, ಆಟೋ ಬಾಡಿಗೆ ಸಮೇತ. ದಿನಕ್ಕೆ ಎಷ್ಟು ದುಡಿಯುತ್ತಿದ್ದರು, ಎಷ್ಟು ದಿನ ಕೆಲಸ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಬ್ಯಾಂಕ್ ಪಾಸ್‌ಬುಕ್ ಪ್ರತಿ ಬೇಕಾಗುತ್ತದೆ. ಹಣ ನೇರ ಖಾತೆಗೇ ಬರುವುದು. ತುಂಬ ದಿನ ಬಿಡಬೇಡಿ. ಅರ್ಜಿ ಹಾಕಲು ಯೋಜನೆಯಲ್ಲಿ ಕಾಲಮಿತಿ ಇದೆ. ಹೆಣ್ಣುಮಕ್ಕಳ ಯೋಜನೆಯಲ್ಲಿ ಅದು ಘಟನೆಯಿಂದ ಅಥವಾ ವಿಚಾರಣೆ ಮುಗಿದಾಗಿನಿಂದ ಮೂರು ವರ್ಷ. ಸಿ ರಿಪೋರ್ಟ್ ಹಾಕಿದ್ದರೆ ಅದರ ಪ್ರತಿ ಕೇಳಿ ಪಡೆದು ಅರ್ಜಿಗೆ ಲಗತ್ತಿಸಿ.

ನಮ್ಮ ಆಟೋ ಅಣ್ಣನ ಅರ್ಜಿಯನ್ನು ಬರೆದದ್ದು ನಾನೇ. ಎರಡು ಪುಟ. ಘಟನೆ, ಗಾಯ, ಖರ್ಚು, ಸಾಲ ಎಲ್ಲ ಇತ್ತು. ಒಂದು ಸಾಲು ಬಿಟ್ಟುಹೋಗಿತ್ತು. ಅದು ಇದ್ದಿದ್ದರೆ ಆ ಸರ ಹರಾಜಾಗುವ ಮುಂಚೆ ಸ್ವಲ್ಪವಾದರೂ ಹಣ ಕೇಳಬಹುದಿತ್ತು. ಆಗ ನನಗೆ ಗೊತ್ತಿರಲಿಲ್ಲ. ನೀವು ಬರೆಯುವಾಗ ಕೊನೆಯಲ್ಲಿ ಆ ಸಾಲನ್ನು ಸೇರಿಸಿ: "ಅಂತಿಮ ಆದೇಶವಾಗುವ ತನಕ ಚಿಕಿತ್ಸೆ ಮತ್ತು ಜೀವನದ ಖರ್ಚಿಗಾಗಿ ಮಧ್ಯಂತರ ಪರಿಹಾರವನ್ನು ತಕ್ಷಣ ಮಂಜೂರು ಮಾಡಬೇಕೆಂದು ಕೋರುತ್ತೇನೆ."